ಉತ್ತರ ಧ್ರುವದಿಂದ ಬರುತ್ತಿದ್ದ ಕಾಗದ

ನನ್ನ ತಮ್ಮನಿಗೆ 4 ವರ್ಷ ತುಂಬಿದಾಗಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ಅವನಿಗೆ ಒಂದು ಪ್ರಾಣಿಯ ಚಿತ್ರ ಬಿಡಿಸಿ ಕೊಡುತ್ತಿದ್ದೇನೆ. ಯಾವ ಕಾಡಿನಲ್ಲೂ, ಯಾವ ಮೃಗಾಲಯದಲ್ಲೂ ಇಲ್ಲದ ಪ್ರಾಣಿ. ಮೊದಲ ವರ್ಷ ರೆಕ್ಕೆಯ ಎಮ್ಮೆ, ಆಮೇಲೆ ಸೊಂಡಿಲಿನ ಬೆಕ್ಕು, ಇನ್ನೊಂದು ವರ್ಷ ಮೂರು ಬಾಲದ ಓತಿಕ್ಯಾತ. ಶುರುವಾಗಿದ್ದು ಕಲೆಯ ಮೇಲಿನ ಪ್ರೀತಿಯಿಂದೇನೂ ಅಲ್ಲ. ಆಗ ನನ್ನ ಕೈಯಲ್ಲಿ ದುಡ್ಡಿರಲಿಲ್ಲ, ಕ್ರೇಯಾನ್ ಡಬ್ಬಿ ಇತ್ತು, ಅಷ್ಟೇ.

ಕಳೆದ ವರ್ಷ ಚಿತ್ರ ಕೊಟ್ಟಾಗ ಅವನು ಒಮ್ಮೆ ನೋಡಿ, ಮೇಜಿನ ಮೇಲಿಟ್ಟು, ಮತ್ತೆ ಮೊಬೈಲ್ ಹಿಡಿದ. ನನಗೆ ಪಿಚ್ಚೆನಿಸಿತು. ಈ ವರ್ಷ ಅವನಿಗೆ 13. ಇನ್ನು ಸಾಕು ಮಾಡೋಣ, ಸುಮ್ಮನೆ ಒಂದು ಟೀ ಶರ್ಟ್ ತಂದು ಕೊಡೋಣ ಅಂದುಕೊಂಡಿದ್ದೆ. ಅದೇ ದಿನಗಳಲ್ಲಿ ಕಾಲೇಜು ಲೈಬ್ರರಿಯಲ್ಲಿ ಜೆ.ಆರ್.ಆರ್. ಟೋಲ್ಕಿನ್ ಅವರ ಜೀವನದ ಬಗ್ಗೆ ಓದಲು ಸಿಕ್ಕಿತು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾ ನೋಡಿದವರಿಗೆಲ್ಲ ಆ ಹೆಸರು ಗೊತ್ತು. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ದೊಡ್ಡ ಕಾದಂಬರಿಯ ಕತೆಯಲ್ಲ. ಆ ಮನುಷ್ಯ 20 ವರ್ಷಕ್ಕೂ ಹೆಚ್ಚು ಕಾಲ ವರ್ಷಕ್ಕೊಮ್ಮೆ ತಪ್ಪದೆ ತನ್ನ ಮಕ್ಕಳಿಗೆ ಚಿತ್ರ ಬಿಡಿಸಿ ಕೊಟ್ಟ ಕತೆ.

ಟೋಲ್ಕಿನ್ ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೈನ್‌ನಲ್ಲಿ. ಅಪ್ಪ ಅಲ್ಲಿ ಬ್ಯಾಂಕಿನ ಮ್ಯಾನೇಜರ್. 1895ರಲ್ಲಿ ತಾಯಿ ಮೇಬಲ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿನ ತವರಿಗೆ ಬಂದರು. ಅಪ್ಪ ಹಿಂದಿನಿಂದ ಬರಬೇಕಿತ್ತು, ಬರಲಿಲ್ಲ. 1896ರ ಆರಂಭದಲ್ಲೇ ಕಾಯಿಲೆ ಬಿದ್ದು ತೀರಿಕೊಂಡರು. ಆಗ ಟೋಲ್ಕಿನ್‌ಗೆ ಬರೀ 4 ವರ್ಷ.

ಮುಂದೆ ತಾಯಿಯೇ ಅವರ ಶಾಲೆ. ಲ್ಯಾಟಿನ್ ಕಲಿಸಿದ್ದು, ಗಿಡಮರಗಳ ಹೆಸರು ಹೇಳಿಕೊಟ್ಟದ್ದು, ಅಕ್ಷರವನ್ನು ಅಂದವಾಗಿ ಬರೆಯಲು, ಚಿತ್ರ ಬಿಡಿಸಲು ಕೂರಿಸಿದ್ದು ಆಕೆಯೇ. 1900ರಲ್ಲಿ ಆಕೆ ಕ್ಯಾಥೊಲಿಕ್ ಪಂಥಕ್ಕೆ ಸೇರಿದಾಗ ಬಂಧುಗಳು ಮುನಿಸಿಕೊಂಡು ಹಣದ ನೆರವು ನಿಲ್ಲಿಸಿದರು. 1904ರಲ್ಲಿ ಸಕ್ಕರೆ ಕಾಯಿಲೆಯಿಂದ ಆಕೆಯೂ ಹೋದರು. ಇನ್ಸುಲಿನ್ ಸಿಗಲು ಇನ್ನೂ 17 ವರ್ಷ ಕಾಯಬೇಕಿತ್ತು. 12ನೇ ವಯಸ್ಸಿಗೆ ಟೋಲ್ಕಿನ್‌ಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಫಾದರ್ ಫ್ರಾನ್ಸಿಸ್ ಮಾರ್ಗನ್ ಎಂಬ ಪಾದ್ರಿ ಪೋಷಕರಾದರು. ಅಣ್ಣತಮ್ಮ ಇಬ್ಬರೂ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಾಡಿಗೆ ಕೋಣೆಗಳಲ್ಲಿ ಬೆಳೆದರು.

ಅಂಥದ್ದೇ ಒಂದು ಮನೆಯಲ್ಲಿ 1908ರಲ್ಲಿ ಈಡಿತ್ ಬ್ರಾಟ್ ಪರಿಚಯವಾದಳು. ಅವನಿಗೆ 16, ಅವಳಿಗೆ 19. ಅವಳೂ ಅನಾಥೆ, ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದಳು. ವಿಷಯ ಫಾದರ್ ಕಿವಿಗೆ ಬಿದ್ದು, 21 ತುಂಬುವವರೆಗೆ ಅವಳನ್ನು ನೋಡಕೂಡದು, ಕಾಗದ ಬರೆಯಕೂಡದು ಎಂದು ಕಟ್ಟುನಿಟ್ಟು ಮಾಡಿದರು. ಹುಡುಗ ಒಪ್ಪಿದ. 1913ರ ಜನವರಿ 3ರಂದು 21 ತುಂಬಿತು, ಆ ರಾತ್ರಿಯೇ ಕಾಗದ ಬರೆಯಲು ಕೂತ. ಅಷ್ಟರಲ್ಲಿ ಅವಳಿಗೆ ಬೇರೆಯವರ ಜೊತೆ ನಿಶ್ಚಿತಾರ್ಥವಾಗಿತ್ತು. ಅವನು ರೈಲು ಹತ್ತಿ ಹೋಗಿ ಭೇಟಿಯಾದ. ಅವಳು ಉಂಗುರ ವಾಪಸ್ ಕೊಟ್ಟಳು. 1916ರ ಮಾರ್ಚ್‌ನಲ್ಲಿ ಮದುವೆ, ಜೂನ್‌ನಲ್ಲಿ ಅವನು ಫ್ರಾನ್ಸಿನ ಯುದ್ಧಭೂಮಿಗೆ.

ಸೊಮ್ ಕಾಳಗದಲ್ಲಿ ಟೋಲ್ಕಿನ್ ಸಂದೇಶ ರವಾನೆಯ ಅಧಿಕಾರಿ. ಹೇನಿನಿಂದ ಹರಡುವ ಕಂದಕ ಜ್ವರ ಬಂದು ನವೆಂಬರ್‌ನಲ್ಲಿ ಇಂಗ್ಲೆಂಡಿಗೆ ಮರಳಿದರು. ಶಾಲೆಯ ದಿನಗಳಿಂದ ಜೊತೆಗಿದ್ದ ಆಪ್ತ ಗೆಳೆಯರಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ಉಳಿದಿದ್ದು ಒಬ್ಬನೇ. ಹೀಗೆ ಎಣಿಸುತ್ತಾ ಹೋದರೆ ಟೋಲ್ಕಿನ್ ಜೀವನದ ಮೊದಲ 25 ವರ್ಷ ಬರೀ ಕಳೆದುಕೊಂಡವರ ಪಟ್ಟಿ.

ಇದನ್ನೆಲ್ಲ ಓದಿದ ಮೇಲೆ 1920ರ ಡಿಸೆಂಬರ್ ನನಗೆ ಬೇರೆಯಾಗಿಯೇ ಕಂಡಿತು. ಆಗ ಹಿರಿಯ ಮಗ ಜಾನ್‌ಗೆ 3 ವರ್ಷ. ಎರಡನೆಯವನು ಮೈಕಲ್ ಇನ್ನೂ ಕೈಗೂಸು. ಆ ಕ್ರಿಸ್‌ಮಸ್‌ಗೆ ಜಾನ್ ಹೆಸರಿಗೆ ಒಂದು ಕಾಗದ ಬಂತು. ಕಳಿಸಿದವರು ಉತ್ತರ ಧ್ರುವದ ಕ್ರಿಸ್‌ಮಸ್ ತಾತ. ಅಕ್ಷರಗಳೆಲ್ಲ ನಡುಗುತ್ತಿದ್ದವು. ಅಷ್ಟು ಚಳಿಯಲ್ಲಿ ಅಷ್ಟು ವಯಸ್ಸಾದವರು ಬರೆದರೆ ಕೈ ನಡುಗದೆ ಇರುತ್ತದೆಯೇ! ಜೊತೆಗೆ ಹಿಮದಲ್ಲಿ ನಡೆದು ಬರುವ ತಾತನ ಬಣ್ಣದ ಚಿತ್ರ. ಬರೆದದ್ದು, ಬಿಡಿಸಿದ್ದು ಎರಡೂ ಟೋಲ್ಕಿನ್ನರೇ.

ಆಮೇಲೆ ಇದು ಪ್ರತಿ ವರ್ಷದ ಪದ್ಧತಿಯಾಯಿತು. ಅಂಚೆಚೀಟಿಯನ್ನೂ ಅವರೇ ಬಿಡಿಸುತ್ತಿದ್ದರು. ಕೆಲವು ಸಲ ಲಕೋಟೆ ಮನೆಯೊಳಗೇ ಹಿಮದ ಪುಡಿ ಮೆತ್ತಿಕೊಂಡು ಬಿದ್ದಿರುತ್ತಿತ್ತು, ಕೆಲವು ಸಲ ಪೋಸ್ಟ್‌ಮನ್ನೇ ತಂದು ಕೊಡುತ್ತಿದ್ದ. ಮಕ್ಕಳು ಬರೆದ ಉತ್ತರವನ್ನು ಬೆಂಕಿಗೂಡಿನ ಬಳಿ ಇಟ್ಟರೆ, ಯಾರೂ ಇಲ್ಲದ ಹೊತ್ತಿನಲ್ಲಿ ಅದು ಮಾಯ.

ಆ ಕಾಗದಗಳ ಹೀರೊ ತಾತನಲ್ಲ, ಅವನ ಸಹಾಯಕ ಹಿಮಕರಡಿ. ಮಹಾ ಎಡವಟ್ಟು ಪ್ರಾಣಿ. 1925ರಲ್ಲಿ ಗಾಳಿಗೆ ಹಾರಿಹೋದ ತಾತನ ಟೋಪಿ ತರಲು ಉತ್ತರ ಧ್ರುವದ ಕಂಬ ಹತ್ತಿತು. ಕಂಬ ಮುರಿಯಿತು, ಕರಡಿ ತಾತನ ಮನೆಯ ಚಾವಣಿ ಮುರಿದುಕೊಂಡು ಒಳಗೆ ಬಿತ್ತು. ಮರುವರ್ಷ ಧ್ರುವಪ್ರಭೆಯ ನಲ್ಲಿ ತಿರುಗಿಸಿ, ಎರಡು ವರ್ಷಕ್ಕಾಗುವಷ್ಟು ಬೆಳಕನ್ನು ಒಂದೇ ಸಲ ಸಿಡಿಸಿಬಿಟ್ಟಿತು. 1928ರಲ್ಲಿ ಉಡುಗೊರೆಗಳನ್ನು ಹೊತ್ತು ಮೆಟ್ಟಿಲಿಂದ ಉರುಳಿತು. ಪ್ರತಿ ಅವಾಂತರಕ್ಕೂ ಚಿತ್ರ ಉಂಟು. ತಾತ ಬರೆದ ಕಾಗದದ ಅಂಚಿನಲ್ಲಿ ಕರಡಿ ತನ್ನ ದಪ್ಪ ಪಂಜದ ದಪ್ಪ ಅಕ್ಷರಗಳಲ್ಲಿ ತಕರಾರು ಬರೆಯುತ್ತಿತ್ತು. ಮುಂದೆ ಒಬ್ಬ ಎಲ್ಫ್ ಕಾರ್ಯದರ್ಶಿ ಬಂದ, ಅವನದು ಬಳುಕುವ ತೆಳು ಬರಹ. ಒಂದೇ ಹಾಳೆಯ ಮೇಲೆ ಮೂವರ ಕೈಬರಹ, ಬರೆದ ಕೈ ಮಾತ್ರ ಒಂದೇ.

ಇದನ್ನೆಲ್ಲ ಮಾಡಿದ್ದು ಪುರುಸೊತ್ತಿದ್ದವರೇನೂ ಅಲ್ಲ. ಲೀಡ್ಸ್‌ನಲ್ಲಿ ಪಾಠ ಮಾಡಿ, 1925ರಲ್ಲಿ ಆಕ್ಸ್‌ಫರ್ಡಿಗೆ ಆಂಗ್ಲೊ-ಸ್ಯಾಕ್ಸನ್ ಪ್ರಾಧ್ಯಾಪಕರಾಗಿ ಬಂದ ಟೋಲ್ಕಿನ್‌ಗೆ ನಾಲ್ಕು ಮಕ್ಕಳು: ಜಾನ್, ಮೈಕಲ್, ಕ್ರಿಸ್ಟೋಫರ್, ಪ್ರಿಸಿಲ್ಲಾ. ಸಂಬಳ ಸಾಲದೆ ಬೇಸಿಗೆಯಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಹಾಗೆ ತಿದ್ದುವಾಗ ಯಾರೋ ವಿದ್ಯಾರ್ಥಿ ಖಾಲಿ ಬಿಟ್ಟ ಪುಟದಲ್ಲಿ ಅವರು ಗೀಚಿದ ಒಂದು ಸಾಲೇ ಮುಂದೆ ‘ದಿ ಹಾಬಿಟ್’ ಪುಸ್ತಕದ ಮೊದಲ ಸಾಲಾಯಿತು. 1937ರಲ್ಲಿ ಅದು ಅಚ್ಚಾದಾಗ ಒಳಗಿನ ಚಿತ್ರಗಳೂ ಅವರವೇ.

ನನಗೆ ಇಲ್ಲಿ ಒಂದು ವಿಷಯ ಹೊಳೆಯಿತು. ಮಕ್ಕಳು ಬೆಳೆದಂತೆ ಆ ಕಾಗದಗಳೂ ಬೆಳೆದಿವೆ. 3 ವರ್ಷದ ಮಗನಿಗೆ ಹಿಮದಲ್ಲಿ ನಡೆಯುವ ತಾತ ಸಾಕಿತ್ತು. 1932ರ ಹೊತ್ತಿಗೆ ಹುಡುಗರು ದೊಡ್ಡವರಾಗಿದ್ದರು. ಆ ವರ್ಷ ಕರಡಿ ಗುಹೆಗಳಲ್ಲಿ ದಾರಿ ತಪ್ಪುತ್ತದೆ. ಅಲ್ಲಿ ಗಾಬ್ಲಿನ್‌ಗಳಿರುತ್ತವೆ, ಗೋಡೆಯ ಮೇಲೆ ಆದಿಮಾನವರ ಗುಹಾಚಿತ್ರಗಳಿರುತ್ತವೆ. ಟೋಲ್ಕಿನ್ ಆ ಗುಹಾಚಿತ್ರಗಳನ್ನೂ ಬಿಡಿಸಿ ಕಳಿಸಿದರು. ಗುಹೆಯ ಗುರುತುಗಳಿಂದ ಕರಡಿ ಒಂದು ಲಿಪಿ ಕಟ್ಟಿತು, ಅದರಲ್ಲಿ ಕಾಗದ ಬರೆಯಿತು, ಮಕ್ಕಳು ಬಿಡಿಸಿ ಓದಬೇಕು. ಕರಡಿಯ ಹೆಸರು ಕರ್ಹು, ಅದರ ಸೋದರಳಿಯರು ಪಕ್ಸು ಮತ್ತು ವಲ್ಕೊತುಕ್ಕಾ. ಫಿನ್ನಿಶ್ ಭಾಷೆಯಲ್ಲಿ ಕರಡಿ, ದಪ್ಪ, ಬಿಳಿಕೂದಲು ಎಂದರ್ಥ. ಭಾಷಾ ಮೇಷ್ಟ್ರು ತನ್ನ ಕಸುಬನ್ನೇ ಆಟದೊಳಗೆ ಅಡಗಿಸಿಟ್ಟಿದ್ದರು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಒಮ್ಮೆ ಕಂದಕದಲ್ಲಿ ಗೆಳೆಯರನ್ನು ಕಳೆದುಕೊಂಡಿದ್ದ ಅಪ್ಪನ ಮಗ ಮೈಕಲ್ ಈಗ ವಿಮಾನ ಹೊಡೆದುರುಳಿಸುವ ಫಿರಂಗಿಯ ಹಿಂದೆ ನಿಂತಿದ್ದ. ಕ್ರಿಸ್ಟೋಫರ್ ವಾಯುಪಡೆ ಸೇರಿದ. ಕಾಗದ ಈಗ ಪ್ರಿಸಿಲ್ಲಾ ಒಬ್ಬಳಿಗೇ. ಉತ್ತರ ಧ್ರುವದಲ್ಲೂ ಗಾಬ್ಲಿನ್ ದಾಳಿ, ಉಡುಗೊರೆಯ ದಾಸ್ತಾನು ಖಾಲಿ, ಮನೆ ಕಳೆದುಕೊಂಡು ಚದುರಿದ ಜನರ ಬಗ್ಗೆ ತಾತನಿಗೆ ಚಿಂತೆ. ಅಪ್ಪ ಮಗಳಿಗೆ ಸುಳ್ಳು ಸಮಾಧಾನ ಹೇಳಲಿಲ್ಲ, ಕಾಗದವನ್ನು ನಿಲ್ಲಿಸಲೂ ಇಲ್ಲ.

ಕೊನೆಯ ಕಾಗದ 1943ರದು. ಪ್ರಿಸಿಲ್ಲಾಗೆ ಆಗ 14. ತಾತ ವಿದಾಯ ಹೇಳುತ್ತಾನೆ. ಹಳೆಯ ಗೆಳೆಯರನ್ನು ಮರೆಯುವುದಿಲ್ಲ, ಅವರಿಗೂ ಮನೆ ಮಕ್ಕಳು ಆದ ಮೇಲೆ ಮತ್ತೆ ಬರುವ ಆಸೆಯಿದೆ ಎಂದು ತಿಳಿಸಿ ಮುಗಿಸುತ್ತಾನೆ.

‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954–55ರಲ್ಲಿ ಬಂತು, ಹೆಸರೂ ಹಣವೂ ಆಮೇಲೆ ಬಂದವು. 1971ರಲ್ಲಿ ಈಡಿತ್, 1973ರ ಸೆಪ್ಟೆಂಬರ್ 2ರಂದು ಟೋಲ್ಕಿನ್ ತೀರಿಕೊಂಡರು. ಆಕ್ಸ್‌ಫರ್ಡಿನ ವುಲ್ವರ್‌ಕೋಟ್‌ನಲ್ಲಿ ಒಂದೇ ಸಮಾಧಿ. ಕಲ್ಲಿನ ಮೇಲೆ ಅವಳ ಹೆಸರಿನ ಕೆಳಗೆ ಲೂಥಿಯನ್, ಅವರ ಹೆಸರಿನ ಕೆಳಗೆ ಬೆರೆನ್ ಎಂದಿದೆ. 1917ರಲ್ಲಿ ಕಾಡಿನ ಬಿಳಿ ಹೂಗಳ ನಡುವೆ ಅವಳು ಕುಣಿದದ್ದನ್ನು ನೋಡಿ ಅವರು ಕಟ್ಟಿದ ಪ್ರೇಮಕತೆಯ ಜೋಡಿ ಅದು. ಕ್ರಿಸ್‌ಮಸ್ ತಾತನ ಕಾಗದಗಳು 1976ರಲ್ಲಿ ಪುಸ್ತಕವಾದವು. ಮಕ್ಕಳು ಅವನ್ನು ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು.

ಅದನ್ನು ಓದಿ ಪುಸ್ತಕ ಮುಚ್ಚಿದೆ. ತಪ್ಪು ತಮ್ಮನದಲ್ಲ, ನನ್ನದು ಅನಿಸಿತು. 12 ವರ್ಷದವನಿಗೂ ನಾನು 4 ವರ್ಷದವನ ಚಿತ್ರವನ್ನೇ ಕೊಡುತ್ತಿದ್ದೆ.

ಟೀ ಶರ್ಟ್ ತರಲಿಲ್ಲ. ಈ ಸಲ ಒಂದು ಗೂಬೆಮುಖದ ಮೊಸಳೆ ಬಿಡಿಸಿ, ಅದರ ಕೆಳಗೆ ನಾನೇ ಮಾಡಿದ ಲಿಪಿಯಲ್ಲಿ ನಾಲ್ಕು ಸಾಲು ಬರೆದೆ. ಓದುವ ಸುಳಿವು ಮೊಸಳೆಯ ಹಲ್ಲುಗಳಲ್ಲಿತ್ತು. ತಮ್ಮ ಚಿತ್ರ ನೋಡಿ ಏನೂ ಹೇಳದೆ ರೂಮಿಗೆ ಹೋದ. ಆಯಿತು, ಇದೂ ಅಷ್ಟೇ ಅಂದುಕೊಂಡೆ.

ಮಾರನೆಯ ದಿನ ಬೆಳಗ್ಗೆ ನನ್ನ ಬ್ಯಾಗಿನಲ್ಲಿ ಒಂದು ಚೀಟಿ ಸಿಕ್ಕಿತು. ಅದೇ ಲಿಪಿ, ಎರಡು ಕಡೆ ಕಾಗುಣಿತ ತಪ್ಪು. ಬಸ್ಸಿನಲ್ಲಿ ಕೂತು ಕಷ್ಟಪಟ್ಟು ಓದಿದೆ. ಮೊದಲ ವರ್ಷದ ರೆಕ್ಕೆಯ ಎಮ್ಮೆ ಆಮೇಲೆ ಯಾಕೆ ಬರಲೇ ಇಲ್ಲ, ಅದು ಎಲ್ಲಿಗೆ ಹೋಯಿತು ಎಂದು ಕೇಳಿದ್ದ.