ಕೂಸುಗಳ ಮೂಳೆ ಕಾಯ್ದ ಹ್ಯಾರಿಯೆಟ್ ಚಿಕ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಬಿಸಿಲಿಗೇನೂ ಬರವಿಲ್ಲ. ಆದರೂ ಮಕ್ಕಳ ವೈದ್ಯರು ಕೂಸಿಗೆ ವಿಟಮಿನ್ ಡಿ ಹನಿ ಬರೆದುಕೊಡುತ್ತಾರೆ. ಆ ಹನಿಯ ಹಿಂದೆ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿಯ ಶ್ರಮವಿದೆ.

1875ರಲ್ಲಿ ಲಂಡನ್ನಿನಲ್ಲಿ ಜನಿಸಿದ ಚಿಕ್, 1905ರಲ್ಲಿ ಅಲ್ಲಿನ ಲಿಸ್ಟರ್ ಸಂಸ್ಥೆಗೆ ಅರ್ಜಿ ಸಲ್ಲಿಸಿದಾಗ ಹೆಣ್ಣೆಂಬ ಕಾರಣಕ್ಕೆ ಅಪಸ್ವರ ಎದ್ದಿತ್ತು. ಸಂಸ್ಥೆ ಅದಕ್ಕೆ ಕಿವಿಗೊಡಲಿಲ್ಲ, ಒಳ್ಳೆಯದೇ ಆಯಿತು.

ಮೊದಲ ಮಹಾಯುದ್ಧದಿಂದ ಜರ್ಜರಿತವಾಗಿದ್ದ ವಿಯೆನ್ನಾ ನಗರಕ್ಕೆ ಅವರು 1919ರಲ್ಲಿ ತೆರಳಿದರು. ಹಸಿದ ಆ ಊರಿನಲ್ಲಿ ಹಸುಗೂಸುಗಳ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗ ವ್ಯಾಪಕವಾಗಿತ್ತು. ಅದು ಸೋಂಕೆಂದೇ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥ ಕ್ಲೆಮೆನ್ಸ್ ಫಾನ್ ಪಿರ್ಕೆ ನಂಬಿದ್ದರು. ಹಾಗಿದ್ದೂ ಚಿಕ್ ತಂಡಕ್ಕೆ ವಾರ್ಡು ಬಿಟ್ಟುಕೊಟ್ಟದ್ದು ಅವರ ದೊಡ್ಡತನ. 1922ರವರೆಗೆ ನಡೆದ ಪ್ರಯೋಗಗಳಲ್ಲಿ, ಚಳಿಗಾಲದಲ್ಲಿ ಕಾಡ್ ಮೀನಿನ ಎಣ್ಣೆ ಕುಡಿದ ಕೂಸುಗಳಿಗೆ ರೋಗ ಬರಲಿಲ್ಲ. ಎಣ್ಣೆ ಸಿಗದ ಹಲವು ಕೂಸುಗಳಿಗೆ ಬಂದಿತು. ಬಿಸಿಲಿಗೆ ಮೈಯೊಡ್ಡಿದ ರೋಗಪೀಡಿತ ಕೂಸುಗಳ ಮೂಳೆಯೂ ಚೇತರಿಸಿಕೊಂಡಿತು. ಎಕ್ಸ್-ರೇ ಚಿತ್ರಗಳೇ ಅದಕ್ಕೆ ಸಾಕ್ಷಿಯಾದವು.

ಎದೆಹಾಲಿನಲ್ಲಿ ಈ ವಿಟಮಿನ್ ಅತ್ಯಲ್ಪ. ನಮ್ಮ ಹಿರಿಯರು ಮೆಚ್ಚುವ ಎಳೆಬಿಸಿಲಿನಲ್ಲಿ ಅದನ್ನು ಉಂಟುಮಾಡುವ ಕಿರಣವೂ ಕಡಿಮೆ. ಆದ್ದರಿಂದಲೇ ಮೊದಲ ವರ್ಷ ದಿನಕ್ಕೆ 400 ಐಯು ಹನಿ ನೀಡಬೇಕೆಂದು ಭಾರತೀಯ ಶಿಶುವೈದ್ಯ ಅಕಾಡೆಮಿ ಸಲಹೆ ಮಾಡಿದೆ.

ಚಿಕ್ 1949ರಲ್ಲಿ ಡೇಮ್ ಪದವಿಗೆ ಪಾತ್ರರಾದರು. 1977ರಲ್ಲಿ, ತಮ್ಮ 102ನೇ ವಯಸ್ಸಿನಲ್ಲಿ ನಿಧನರಾದರು.