ಜಿನ್ಸೆಂಡೋರ್ಫ್ ಪ್ರಭುವೂ ಹೆರ್ನ್‌ಹೂಟಿನ ಸಭೆಯೂ

ಹಿಂಸೆಯನ್ನು ತಾಳಿಕೊಂಡವರು ಒಬ್ಬರನ್ನೊಬ್ಬರು ತಾಳಿಕೊಳ್ಳಲಾರದೆ ಹೋದದ್ದು ಸಭೆಯ ಚರಿತ್ರೆಯಲ್ಲಿ ಹಲವು ಸಾರಿ ಕಂಡುಬಂದಿದೆ. ನಿಕೊಲಾಸ್ ಲೂಡ್ವಿಗ್ ಜಿನ್ಸೆಂಡೋರ್ಫ್ ಎಂಬ ಪ್ರಭುವಿನ ಜೀವಮಾನದಲ್ಲಿಯೂ ಹೀಗೆಯೇ ಆಯಿತು.

ಈತನು 1700ನೇ ಇಸವಿ ಮೇ 26ರಲ್ಲಿ ಜರ್ಮನಿ ದೇಶದ ಡ್ರೆಸ್ಡೆನ್ ಪಟ್ಟಣದಲ್ಲಿ ಹುಟ್ಟಿದನು. ಕೆಲವು ವಾರಗಳೊಳಗೆ ತಂದೆಯು ತೀರಿಹೋದದರಿಂದ ಭಕ್ತಿವಂತಳಾದ ಅಜ್ಜಿಯು ಅವನನ್ನು ಸಾಕಿದಳು. ಹತ್ತು ವರುಷದವನಾದಾಗ ಹಾಲೆಯಲ್ಲಿದ್ದ ಫ್ರಾಂಕೆಯವರ ಶಾಲೆಗೆ ಸೇರಿ, ನಮ್ಮ ದೇಶದ ತರಂಗಂಬಾಡಿಯಲ್ಲಿ ನಡೆಯುತ್ತಿದ್ದ ಸುವಾರ್ತಾ ಸೇವೆಯ ವರ್ತಮಾನವನ್ನು ಅಲ್ಲಿಯೇ ಕೇಳಿದನು.

1722ರಲ್ಲಿ ಅವನು ಬೆರ್ಥೆಲ್ಸ್‌ಡೋರ್ಫ್ ಎಂಬ ಗ್ರಾಮವನ್ನು ಕೊಂಡುಕೊಂಡನು. ಅದೇ ವರುಷ ಮೊರಾವಿಯದಲ್ಲಿ ವಿಶ್ವಾಸದ ನಿಮಿತ್ತ ಹಿಂಸೆಗೊಳಗಾದ ಕುಟುಂಬಗಳನ್ನು ಕ್ರಿಸ್ಟಿಯನ್ ದಾವೀದ್ ಎಂಬ ಬಡಗಿಯು ಕರೆತರಲು, ಪ್ರಭುವು ಅವರಿಗೆ ತನ್ನ ಭೂಮಿಯಲ್ಲಿ ಆಶ್ರಯ ಕೊಟ್ಟನು. ಜೂನ್ 17ರಲ್ಲಿ ಮೊದಲನೆಯ ಮರವನ್ನು ಕಡಿದರು. ಆ ಕಾಡಿನಲ್ಲಿ ಎದ್ದ ಊರೇ ಹೆರ್ನ್‌ಹೂಟ್.

ಮನೆಮಾರು ಬಿಟ್ಟು ಬಂದವರಲ್ಲವೇ, ಇವರಲ್ಲಿ ಐಕ್ಯ ತಾನಾಗಿಯೇ ಇದ್ದೀತೆಂದು ನಾವು ನೆನಸುವೆವು. ಹಾಗಾಗಲಿಲ್ಲ. ಲೂಥರನ ಸಭೆಯವರೂ ರಿಫಾರ್ಮ್ಡ್ ಸಭೆಯವರೂ ಮೊರಾವಿಯದವರೂ ಒಂದೇ ಊರಿನಲ್ಲಿ ನೆರೆದದರಿಂದ ಆರಾಧನೆಯ ಕ್ರಮದ ವಿಷಯವಾಗಿ ಜಗಳವೆದ್ದಿತು. ಪರಸ್ಥಳದಿಂದ ಬಂದ ಒಬ್ಬನು, ಪ್ರಭುವು ಪ್ರಕಟನೆಯಲ್ಲಿ ಹೇಳಿದ ಮೃಗವೆಂದೂ ರೋಥೆ ಪಾದ್ರಿಗಳು ಸುಳ್ಳು ಪ್ರವಾದಿಯೆಂದೂ ಬೋಧಿಸಿದನು. ಆಶ್ರಯ ಪಡೆದ ಅನೇಕರು ಇದನ್ನು ನಂಬಿದರು. ಕ್ರಿಸ್ಟಿಯನ್ ದಾವೀದನು ಸಹ ಊರ ಹೊರಗೆ ಬೇರೆ ಮನೆ ಕಟ್ಟಿಕೊಂಡನು. ಗದ್ದೆಯ ಬದುವಿಗಾಗಿ ಮಾತು ಬಿಟ್ಟವರು ಒಂದೇ ದೇವಾಲಯದಲ್ಲಿ ಎರಡು ಮೂಲೆ ಹಿಡಿದು ಕೂಡ್ರುವದನ್ನು ಕಂಡಿರುವ ನಮಗೆ ಇದು ತಿಳಿಯದ ಸಂಗತಿಯಲ್ಲ.

ಭೂಮಿಯ ಒಡೆಯನಾದ ಅವನು ಅವರನ್ನು ಹೊರಡಿಸಿಬಿಡಬಹುದಾಗಿತ್ತು. ಅದಕ್ಕೆ ಬದಲಾಗಿ 1727ರಲ್ಲಿ ಡ್ರೆಸ್ಡೆನಿನ ಸರಕಾರೀ ಕೆಲಸವನ್ನು ಬಿಟ್ಟು ಬಂದು, ತನ್ನನ್ನು ಮೃಗವೆಂದವರ ಮನೆಮನೆಗೆ ಹೋಗಿ, ಅವರ ಸಂಗಡ ಕುಳಿತು ಮಾತಾಡಿ ಪ್ರಾರ್ಥಿಸಿದನು. ಮೇ 12ರಲ್ಲಿ ಎಲ್ಲರನ್ನೂ ಕೂಡಿಸಿ, ಭೇದಗಳಿಂದಾಗುವ ಕೇಡನ್ನು ಕುರಿತು ಮೂರು ತಾಸು ಮಾತಾಡಿದನು. ಜನರು ಕೈಗೆ ಕೈ ಕೊಟ್ಟು ಊರಿನ ನಿಯಮಗಳಿಗೆ ಒಪ್ಪಿದರು. ಹನ್ನೆರಡು ಮಂದಿ ಹಿರಿಯರನ್ನು ಆರಿಸಿದಾಗ ಅವರಲ್ಲಿ ಆ ಬಡಗಿಯೂ ಒಬ್ಬನಾದನು! ವೈರ ಬಿಟ್ಟವನಿಗೆ ಹಿಂದಿನ ಗೌರವವನ್ನೂ ತಿರುಗಿ ಕೊಡುವದು ಕಠಿಣವಾದ ಕೆಲಸ. ನಾವು ಅನೇಕರು ಕ್ಷಮಿಸಿದೆವೆಂದು ಹೇಳಿ ಅಲ್ಲಿಗೇ ನಿಲ್ಲುತ್ತೇವೆ.

ಆಗಸ್ಟ್ 13ರಲ್ಲಿ ಎಲ್ಲರೂ ಬೆರ್ಥೆಲ್ಸ್‌ಡೋರ್ಫಿನ ದೇವಾಲಯಕ್ಕೆ ಕರ್ತನ ಭೋಜನಕ್ಕಾಗಿ ಹೋದರು. ಅಲ್ಲಿ ಸಭೆಯೆಲ್ಲಾ ಕಣ್ಣೀರು ಸುರಿಸಿತು. ಅಗಲಿದ್ದವರು ಒಂದಾಗಿ ಹೊರಗೆ ಬಂದರು. ಅದೇ ತಿಂಗಳಲ್ಲಿ ಹಗಲಿರುಳು ಸರದಿಯ ಮೇಲೆ ಪ್ರಾರ್ಥಿಸುವ ಏರ್ಪಾಡು ಆರಂಭವಾಗಿ ನೂರು ವರುಷಕ್ಕಿಂತ ಹೆಚ್ಚಾಗಿ ನಡೆಯಿತು. ಐದು ವರುಷಗಳ ಮೇಲೆ ಲಿಯೊನಾರ್ಡ್ ಡೋಬರ್ ಎಂಬ ಕುಂಬಾರನೂ ದಾವೀದ್ ನಿಚ್‌ಮನ್ ಎಂಬ ಬಡಗಿಯೂ ಗುಲಾಮರಿಗೆ ಸುವಾರ್ತೆಯನ್ನು ತಿಳಿಸುವದಕ್ಕೆ ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟರು.

ಪ್ರಭುವು ದೋಷವಿಲ್ಲದವನಲ್ಲ. ಜಾನ್ ವೆಸ್ಲಿಯವರಿಗೂ ಅವನಿಗೂ ಉಪದೇಶದ ವಿಷಯದಲ್ಲಿ ಭೇದ ಹುಟ್ಟಿ ಇಬ್ಬರೂ ಅಗಲಿದರು. 1736ರಲ್ಲಿ ಸಾಕ್ಸನಿಯ ಸರಕಾರವು ಅವನನ್ನು ಗಡೀಪಾರು ಮಾಡಿತು. 1747ರಲ್ಲಿ ತಿರುಗಿ ಬರಲು ಅಪ್ಪಣೆಯಾಯಿತು. 1760 ಮೇ 9ರಲ್ಲಿ ಅವನು ಹೆರ್ನ್‌ಹೂಟಿನಲ್ಲಿ ಕರ್ತನಲ್ಲಿ ನಿದ್ರೆಹೋಗಿ, ಅಲ್ಲಿಯ ಸಹೋದರರ ಸಮಾಧಿಭೂಮಿಯಲ್ಲಿಯೇ ಹೂಣಲ್ಪಟ್ಟನು. ಬಾಲಕನಾಗಿದ್ದಾಗ ಅವನು ಯಾವ ತರಂಗಂಬಾಡಿಯ ವರ್ತಮಾನವನ್ನು ಕೇಳಿದ್ದನೋ, ಅದೇ ತರಂಗಂಬಾಡಿಗೆ ಆ ಸಹೋದರರ ಸಭೆಯವರು ಅದೇ ವರುಷದಲ್ಲಿ ಬಂದು ಇಳಿದರು.