ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಡಾಕ್ಟರ್ ಮತ್ತು ನಮ್ಮ ಹಿತ್ತಲ ಮಣ್ಣು

ಒದ್ದೆ ಮಣ್ಣಿಗೆ ಅಡುಗೆ ಸೋಡಾ ಹಾಕಿ. ನೊರೆ ಬಂದರೆ ಮಣ್ಣು ಹುಳಿ, ಬಾರದಿದ್ದರೆ ಧೈರ್ಯವಾಗಿ ಗಿಡ ನೆಡಿ. ಇಂಥದ್ದೊಂದು ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದನ್ನು ನಂಬಿ ಗುಂಡಿ ತೋಡುವ ಮೊದಲು, ನಮ್ಮೂರ ಮಣ್ಣನ್ನು ನೋಡುತ್ತಾ ಹೋದ ಒಬ್ಬ ಡಾಕ್ಟರ ಕಥೆ ಕೇಳಿ.

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದರು, ಗಿಡಗಳ ಹುಚ್ಚೂ ಅಲ್ಲೇ ಹಿಡಿಯಿತು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆ ಸೇರಿದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಏನೇನು ಬೆಳೆಯುತ್ತದೆ ಎಂದು ನೋಡಿಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಇವರನ್ನು ಕಳಿಸಿದರು. ರೈತರ ಮೇಲಿನ ಕಾಳಜಿಗಲ್ಲ ಬಿಡಿ, ಕಂಪನಿಗೆ ಲಾಭದ ಲೆಕ್ಕ ಬೇಕಿತ್ತು. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟರು.

ಮಲಬಾರಿನ ಅಂಗಾಡಿಪುರಂನಲ್ಲಿ ಒಂದು ಕೆಂಪು ಕಲ್ಲು ಅವರ ಕಣ್ಣಿಗೆ ಬಿತ್ತು. ಅಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಇಟ್ಟಿಗೆಯಂತೆ ಗಟ್ಟಿ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರೆ. 1807ರಲ್ಲಿ ಅವರ ಪ್ರವಾಸದ ವರದಿ 3 ಸಂಪುಟಗಳಲ್ಲಿ ಅಚ್ಚಾದಾಗ 'ಲ್ಯಾಟರೈಟ್' ಎಂಬ ಹೆಸರು ಜಗತ್ತಿಗೆ ಸಿಕ್ಕಿತು. ನಮಗೇನೂ ಹೊಸದಲ್ಲ, ಅದೇ ಮುರಕಲ್ಲು. ಕಾರ್ಕಳದಲ್ಲಿ ಮನೆ ಗೋಡೆ ಎದ್ದಿರುವುದೇ ಅದರಿಂದ.

1801ರ ಆರಂಭದಲ್ಲಿ ಅವರು ಕಾರ್ಕಳ, ಉಡುಪಿ ಹಾದು ಉತ್ತರಕ್ಕೆ ಹೋದರು. ಇಲ್ಲಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಬೇರೆ ಮಾಡುವುದನ್ನು ಬರೆದುಕೊಂಡರು. ಬೆಟ್ಟುಗದ್ದೆಗೆ ಮಳೆಯೇ ಗತಿ, ಬೈಲಿನಲ್ಲಿ ನೀರು ಹೆಚ್ಚು ದಿನ ನಿಲ್ಲುತ್ತದೆ. ತಲೆಮಾರುಗಳಿಂದ ನೋಡಿ ನೋಡಿ ಕಲಿತ ಮಣ್ಣಿನ ಪರೀಕ್ಷೆ ಅದು. ಆದರೆ ಹುಳಿಯನ್ನು ಅಳೆಯುವ ದಾರಿ ರೈತರಿಗೂ ಇರಲಿಲ್ಲ, ಬುಕಾನನ್‌ಗೂ ಇರಲಿಲ್ಲ. ಅವರು ಮುಂದೆ ಬಂಗಾಳದ ಸರ್ವೆ ಮಾಡಿದರು, ಕಲ್ಕತ್ತೆಯ ಸಸ್ಯೋದ್ಯಾನ ನೋಡಿಕೊಂಡರು, ಊರಿಗೆ ಮರಳಿ ತಾಯಿ ಕಡೆಯ ಆಸ್ತಿಯ ಜೊತೆಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು 1829ರಲ್ಲಿ ತೀರಿಕೊಂಡರು. ಡೆನ್ಮಾರ್ಕಿನ ಸೊರೆನ್ಸೆನ್ ಪಿಎಚ್ ಅಳತೆ ಕೊಟ್ಟಿದ್ದು ಅದಾಗಿ 80 ವರ್ಷಕ್ಕೆ, 1909ರಲ್ಲಿ.

ಈ ಅಳತೆ ನಮಗೆ ಯಾಕೆ ಮುಖ್ಯ? ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಆ ನೀರು ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣು ಹುಳಿಯಾಗುತ್ತದೆ, ಹಾಕಿದ ರಂಜಕವನ್ನೂ ಕಬ್ಬಿಣ ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಬಣ್ಣ ನೋಡಿ ಫಲವತ್ತು ಎಂದುಕೊಂಡರೆ ಕೆಟ್ಟಿರಿ. ಸೋಡಾ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ: ಬೆಳೆಗೆ ತೊಂದರೆ ಕೊಡುವಷ್ಟು ಹುಳಿಯಿದ್ದರೂ ಕಣ್ಣಿಗೆ ಕಾಣುವಂಥ ನೊರೆ ಸಾಮಾನ್ಯವಾಗಿ ಬರುವುದಿಲ್ಲ.

ಹಾಗಂತ ಎಲ್ಲರೂ ಸುಣ್ಣ ಸುರಿಯಬೇಕಾಗಿಲ್ಲ. ಕಾಪುವಿನ ಕಡಲ ಬದಿಯ ಹೊಯಿಗೆಯ ಚಿಂತೆಯೇ ಬೇರೆ, ಅದರಲ್ಲಿ ನೀರೂ ಗೊಬ್ಬರವೂ ನಿಲ್ಲುವುದಿಲ್ಲ. ಮಣಿಪಾಲದಲ್ಲಿ ಹೊಸ ಮನೆ ಕಟ್ಟಿದ್ದರೆ ಅಂಗಳದಲ್ಲಿರುವುದು ಎಲ್ಲಿಂದಲೋ ತಂದು ತುಂಬಿದ ಮಣ್ಣು. ಸಿಮೆಂಟ್ ಚೂರು ಬೆರೆತಿದ್ದರೆ ಅದು ಕ್ಷಾರದ ಕಡೆಗೂ ವಾಲಿರಬಹುದು. ಅಲ್ಲಿ ಸುಣ್ಣ ಹಾಕಿದರೆ ಸತು, ಕಬ್ಬಿಣ ಗಿಡಕ್ಕೆ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ.

ಲ್ಯಾಬಿಗೆ ಕೊಡುವುದು ಕಷ್ಟವೇನಲ್ಲ. ಗೊಬ್ಬರ ಹಾಕುವ ಮೊದಲೇ ಮಾದರಿ ತೆಗೆಯಿರಿ. ಕಸಕಡ್ಡಿ ಸರಿಸಿ, ಐದಾರು ಕಡೆ ಒಂದು ಗೇಣು ಆಳಕ್ಕೆ ಗುಂಡಿ ತೋಡಿ, ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದು ತೆಗೆಯಿರಿ. ತರಕಾರಿಗೆ ಇಷ್ಟು ಆಳ ಸಾಕು, ತೆಂಗು, ಮಾವಿಗೆ ಇನ್ನೂ ಕೆಳಗಿನ ಮಣ್ಣೂ ಬೇಕು. ಗೊಬ್ಬರದ ಗುಂಡಿಯ ಹತ್ತಿರದ್ದು ಬೇಡ. ಎಲ್ಲ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಬಟ್ಟೆ ಚೀಲಕ್ಕೆ ಹಾಕಿ. ಯಾವ ಜಾಗದ್ದು, ಏನು ನೆಡುತ್ತೀರಿ ಎಂದು ಚೀಟಿ ಬರೆದಿಡಿ. ಎಲ್ಲಿ ಕೊಡಬೇಕೆಂದು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ಕೇಳಿ. ಮಳೆ ಹಿಡಿದ ಮೇಲೆ ಮಣ್ಣು ಒಣಗಿಸುವುದೇ ಕಷ್ಟ, ಮೇ ತಿಂಗಳೊಳಗೆ ಮುಗಿಸಿ.